ನಂಬಿಕೆ ಮತ್ತು ನಂಬಿಗಸ್ತಿಕೆ

(ರೇಡಿಯೋ ಭಾಷಣ)

ಕನ್ನಡದಲ್ಲಿ ‘ನಂಬು’ ಎಂಬ ಒಂದು ಸಣ್ಣ ಕ್ರಿಯಾಪದವಿದೆ. ಅದರಿಂದ ಬಂದ ಎರಡು ಮಾತುಗಳು ಕ್ರೈಸ್ತರ ಮನೆಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತವೆ. ಒಂದು ನಂಬಿಕೆ, ಮತ್ತೊಂದು ನಂಬಿಗಸ್ತಿಕೆ. ದೇವರನ್ನು ನಂಬುವುದು ನಂಬಿಕೆ; ತನ್ನನ್ನು ಇತರರು ನಂಬಬಹುದಾದಂತೆ ಬಾಳುವುದು ನಂಬಿಗಸ್ತಿಕೆ. ಮೊದಲನೆಯದನ್ನು ಕುರಿತು ವೇದಿಕೆಗಳ ಮೇಲೆ ಬೇಕಾದಷ್ಟು ಉಪದೇಶಗಳು ನಡೆಯುತ್ತವೆ. ಎರಡನೆಯದು ಸದ್ದಿಲ್ಲದ ಮಾತು. ಮನೆಯಾಳನ್ನೋ ಅಂಗಡಿಯ ಲೆಕ್ಕ ಬರೆಯುವವನನ್ನೋ ಕುರಿತು ಹೇಳುವಾಗ ನಮ್ಮ ಕಡೆಯ ಜನ ‘ನಂಬಿಗಸ್ತ’ ಎನ್ನುತ್ತಾರೆ. ಆದರೆ ಒಬ್ಬ ಕ್ರೈಸ್ತನ ಧರ್ಮ ಪ್ರಾಮಾಣಿಕವಾದುದೊ ಅಲ್ಲವೊ ಎಂಬುದನ್ನು ತೂಗಿ ನೋಡಬೇಕಾದರೆ ಈ ಎರಡನೆಯ ಮಾತೇ ತಕ್ಕಡಿಯೆಂದು ನನಗೆ ತೋರುತ್ತದೆ. ಈ ಹೊತ್ತು ನಾನು ನಿಮ್ಮ ಮುಂದೆ ಇಡಬೇಕೆಂದಿರುವುದು ಇಷ್ಟನ್ನೇ.

ನಾನು ಸಭಾಪಾಲಕನಲ್ಲ, ಧರ್ಮಶಾಸ್ತ್ರವನ್ನು ಓದಿದವನೂ ಅಲ್ಲ. ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತನಾದ ಒಬ್ಬ ಉಪಾಧ್ಯಾಯ. ನನ್ನ ಬದುಕಿನ ಬಹುಭಾಗ ಕಳೆದುದು ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತಿನಲ್ಲಿ. ಬಂಗಾರಪೇಟೆಯನ್ನು ಬಿಟ್ಟು ಚೆನ್ನೈ ಕಡೆಗೆ ಹೊರಟ ರೈಲುದಾರಿಯಲ್ಲಿ, ರಾಜ್ಯದ ಗಡಿಯನ್ನು ದಾಟುವುದಕ್ಕೆ ಮುಂಚೆ ಸಿಕ್ಕುವ ಸಣ್ಣ ನಿಲ್ದಾಣ ಅದು. ಒಂದು ಕಡೆ ಆಂಧ್ರ, ಇನ್ನೊಂದು ಕಡೆ ತಮಿಳುನಾಡು. ಸಂತೆಯಲ್ಲಿ ತೆಲುಗಿನಲ್ಲಿ ಬೆಲೆ ಕೇಳಿ, ತಮಿಳಿನಲ್ಲಿ ಚೌಕಾಸಿ ಮಾಡಿ, ಕನ್ನಡದಲ್ಲಿ ಹಣ ಎಣಿಸಿಕೊಡುವ ಜನ ನಾವು. ಕ್ರೈಸ್ತರು ಈ ಜನರ ನಡುವೆ ಸ್ವಲ್ಪವೇ ಮಂದಿ. ಸ್ವಲ್ಪ ಮಂದಿ ಇರುವ ಕಡೆ ಒಂದು ಅನುಕೂಲವುಂಟು. ನಮ್ಮ ಬೈಬಲನ್ನು ಓದದ ನೆರೆಯವರು ನಮ್ಮ ನಡೆಯನ್ನು ಪ್ರತಿದಿನವೂ ಓದುತ್ತಿರುತ್ತಾರೆ.

ಭಾನುವಾರ ಸುಲಭವಾದ ದಿನ. ಅಂದು ಬಟ್ಟೆ ಶುಭ್ರ, ಮಾತು ಮೃದು, ಕೈಯಲ್ಲಿ ಪುಸ್ತಕ. ಕಷ್ಟವಿರುವುದು ಉಳಿದ ಆರು ದಿನಗಳಲ್ಲಿ. ಯೇಸುವಿಗೆ ದಾರಿ ಸಿದ್ಧಮಾಡಲು ಬಂದ ಸ್ನಾನಿಕನಾದ ಯೋಹಾನನ ಬಳಿಗೆ ಸುಂಕದವರೂ ಸಿಪಾಯಿಗಳೂ ಬಂದು, ನಾವು ಏನು ಮಾಡಬೇಕೆಂದು ಕೇಳಿದರೆಂದು ಲೂಕನ ಸುವಾರ್ತೆಯಲ್ಲಿದೆ. ಅಡವಿಯಲ್ಲಿ ವಾಸಿಸುವ ಆ ವಿರಕ್ತ ಅವರಿಗೆ ಜಪವನ್ನಾಗಲಿ ಉಪವಾಸವನ್ನಾಗಲಿ ವಿಧಿಸಲಿಲ್ಲ. ಕೆಲಸವನ್ನು ಬಿಟ್ಟು ತನ್ನೊಡನೆ ಅಡವಿಗೆ ಬನ್ನಿರೆಂದೂ ಹೇಳಲಿಲ್ಲ. ಸುಂಕದವರಿಗೆ, ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲು ಮಾಡಬೇಡಿರೆಂದ. ಸಿಪಾಯಿಗಳಿಗೆ, ಯಾರನ್ನೂ ಬೆದರಿಸಿ ಹಣ ಕೀಳಬೇಡಿರಿ, ನಿಮ್ಮ ಸಂಬಳದಲ್ಲಿ ತೃಪ್ತರಾಗಿರಿ ಎಂದ. ಮುಂದೆ ಅದೇ ಸುವಾರ್ತೆಯಲ್ಲಿ ಜಕ್ಕಾಯನೆಂಬ ಸುಂಕದವನ ಕಥೆ ಬರುತ್ತದೆ. ಯೇಸು ತನ್ನ ಮನೆಗೆ ಬಂದ ಸಂತೋಷದಲ್ಲಿ ಆತ ಹಾಡಲಿಲ್ಲ, ಕುಣಿಯಲಿಲ್ಲ, ಲೆಕ್ಕದ ಮಾತನಾಡಿದ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ಅದಕ್ಕೆ ನಾಲ್ಕರಷ್ಟು ಹಿಂದಕ್ಕೆ. ಆ ಲೆಕ್ಕವನ್ನು ಕೇಳಿದ ಮೇಲೆಯೇ ಯೇಸು, ಈ ಮನೆಗೆ ರಕ್ಷಣೆ ಬಂದಿತೆಂದು ಹೇಳಿದ್ದು. ಧರ್ಮ ಮನುಷ್ಯನ ಕಸುಬಿನೊಳಕ್ಕೆ ಇಳಿಯಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ನಮ್ಮ ಜಿಲ್ಲೆಯನ್ನು ಚಿನ್ನ, ಹಾಲು, ರೇಷ್ಮೆಗಳ ನಾಡೆಂದು ಹೊಗಳುವ ವಾಡಿಕೆಯಿದೆ. ಈ ಮೂರೂ ಮನುಷ್ಯನ ನಂಬಿಗಸ್ತಿಕೆಯನ್ನು ಪರೀಕ್ಷಿಸುವ ಪದಾರ್ಥಗಳೇ ಎಂಬುದು ಸೋಜಿಗ.

ಮೊದಲು ಚಿನ್ನ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಗಣಿಗಳಲ್ಲಿ ಆರಂಭಿಸಿದ ಕೆಲಸ, ಹಲವು ಒಡೆತನಗಳನ್ನು ಕಂಡು, 2001ರ ಫೆಬ್ರವರಿ 28ರಂದು ನಿಂತಿತು. ಈ ಅವಧಿಯಲ್ಲಿ ಭೂಮಿಯಿಂದ ಹೊರಬಂದ ಚಿನ್ನ ಸುಮಾರು 800 ಟನ್ನು. ಅದನ್ನು ತೆಗೆದವರಲ್ಲಿ ಬಹುಪಾಲು ಮಂದಿ ತಮಿಳು ಸೀಮೆಯಿಂದ ಬಂದ ದಲಿತರು. ಅವರಲ್ಲಿ ಹಿಂದೂಗಳಿದ್ದರು, ಕ್ರೈಸ್ತರಿದ್ದರು, ಬೌದ್ಧರೂ ಇದ್ದರು. ಗಣಿಯಿಂದ ಮೇಲಕ್ಕೆ ಬಂದ ಕೂಲಿಯ ಮೈಯನ್ನು ತಡವಿ ಶೋಧಿಸಿದ ಮೇಲೆಯೇ ಅವನನ್ನು ಮನೆಗೆ ಬಿಡುತ್ತಿದ್ದರು. 1930ರಲ್ಲಿ ಕಾರ್ಮಿಕರ ಬೆರಳಚ್ಚು ಪಡೆಯುವ ಹೊಸ ನೋಂದಣಿ ಪದ್ಧತಿಯನ್ನು ತರಲು ಹೊರಟಾಗ ಸಾವಿರಾರು ಮಂದಿ ಮುಷ್ಕರ ಹೂಡಿದರು. ತಮ್ಮನ್ನು ಕಳ್ಳರಂತೆ ಕಾಣುವುದನ್ನು ಆ ಬಡವರು ಸಹಿಸಲಿಲ್ಲ. ನಂಬಿಗಸ್ತನಾಗಿರುವುದು ಮನುಷ್ಯನ ಕರ್ತವ್ಯವಾದರೆ, ನಂಬಿಗಸ್ತನೆಂದು ಗಣಿಸಲ್ಪಡುವುದು ಅವನ ಮಾನ. ಮೇಲಿನವರು ಕೆಳಗಿನವರನ್ನು ಪ್ರಾಮಾಣಿಕತೆಯನ್ನು ಕೇಳುವಾಗ ಈ ಎರಡನೆಯ ಅರ್ಧವನ್ನು ಮರೆಯುತ್ತಾರೆ.

ಆದರೆ ಗಣಿಯ ಒಳಗೆ ಈ ಮಾತಿಗೆ ಬೇರೆಯೇ ಒಂದು ತೂಕವಿತ್ತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿದಿತ್ತು. ಕೇಜಿನೊಳಗೆ ನಿಂತವನ ಪ್ರಾಣ ಮೇಲೆ ಗಂಟೆಯ ಸನ್ನೆಯನ್ನು ಕೇಳಿ ಯಂತ್ರ ನಡೆಸುವವನ ಕೈಯಲ್ಲಿ. ಬಂಡೆಯ ಕೆಳಗೆ ಕುಳಿತವನ ಪ್ರಾಣ ಮರದ ಆಸರೆ ಕೊಟ್ಟವನ ಕೈಯಲ್ಲಿ. ನಮ್ಮ ತಂದೆಯವರು ಅಲ್ಲಿ ಬಂಡೆಗೆ ಮದ್ದಿಡುವ ಕೆಲಸದಲ್ಲಿದ್ದರು. ಕೊರೆದ ಕುಳಿಗಳಿಗೆ ಮದ್ದು ತುಂಬಿ, ಬತ್ತಿಗೆ ಕಿಡಿ ಸೋಕಿಸಿ, ದೂರ ಸರಿದು ನಿಂತು ಸಿಡಿತಗಳನ್ನು ಎಣಿಸಬೇಕು. ಹನ್ನೆರಡು ಕುಳಿ ತುಂಬಿದ್ದರೆ ಹನ್ನೆರಡು ಸದ್ದು ಕೇಳಬೇಕು. ಹನ್ನೊಂದೇ ಕೇಳಿದರೆ, ಸಿಡಿಯದ ಒಂದು ಕುಳಿ ಕತ್ತಲೆಯಲ್ಲಿ ಕಾದು ಕುಳಿತಿದೆಯೆಂದು ಅರ್ಥ. ಮುಂದಿನ ಷಿಫ್ಟಿನವನು ಅದರ ಮೇಲೆ ಬೈರಿಗೆಯಿಟ್ಟರೆ ಮುಗಿಯಿತು.

ಒಂದು ರಾತ್ರಿ ಎಣಿಕೆ ಒಂದು ಕಡಿಮೆ ಬಂದಿತಂತೆ. ಜೊತೆಯವರು, ಎರಡು ಸದ್ದು ಕೂಡಿಕೊಂಡಿರಬೇಕು, ನಡೆಯಪ್ಪಾ ಎಂದು ಕೇಜಿಗೆ ಹೊರಟುಹೋದರು. ಹಾಗೆ ಕೂಡಿಕೊಳ್ಳುವುದೂ ಉಂಟು. ತಂದೆಯವರು ಹೋಗಲಿಲ್ಲ. ಮುಂದಿನ ಷಿಫ್ಟಿನ ಮೇಸ್ತ್ರಿ ಇಳಿದು ಬರುವವರೆಗೂ ಕೆಳಗೇ ಕಾದಿದ್ದು, ಇಂಥ ಕಡೆ ಒಂದು ಕುಳಿ ಅನುಮಾನವೆಂದು ಅವನಿಗೆ ತೋರಿಸಿ, ಅವನ ಬಾಯಿಂದ ಆ ಮಾತನ್ನು ತಿರುಗಿ ಹೇಳಿಸಿ ಮೇಲಕ್ಕೆ ಬಂದರು. ಆ ಕುಳಿ ನಿಜವಾಗಿ ಉಳಿದಿತ್ತೊ ಇಲ್ಲವೊ ಅವರು ನಮಗೆ ಹೇಳಲಿಲ್ಲ. ಅದು ಅವರ ಕಥೆಯಲ್ಲಿ ಮುಖ್ಯವಾದ ಸಂಗತಿಯೂ ಆಗಿರಲಿಲ್ಲ. ಮುಂದಿನ ಷಿಫ್ಟಿನಲ್ಲಿ ಯಾವ ಜಾತಿ ಮತದ ಯಾರು ಬರುತ್ತಾರೆಂಬುದು ಅವರಿಗೆ ಗೊತ್ತಿರಲಿಲ್ಲ. ನೆರೆಯವನನ್ನು ಪ್ರೀತಿಸಬೇಕೆಂಬ ಆಜ್ಞೆಗೆ ನಾನು ಕಂಡ ಅತ್ಯುತ್ತಮ ವ್ಯಾಖ್ಯಾನ ಇದೇ. ನೆರೆಯವನೆಂದರೆ ನಾವು ಬಿಟ್ಟುಬಂದ ಜಾಗಕ್ಕೆ ಕತ್ತಲೆಯಲ್ಲಿ ಬರುವವನು. ಕೆಲಸದಿಂದ ನಿವೃತ್ತರಾದ ಮೇಲೆಯೂ, ಊರಿನಲ್ಲಿ ದೀಪಾವಳಿಯ ಪಟಾಕಿ ಸಿಡಿದರೆ ತಂದೆಯವರು ತಮಗೆ ತಿಳಿಯದಂತೆಯೇ ಬೆರಳು ಮಡಿಸುತ್ತಿದ್ದರು.

ಇನ್ನು ಹಾಲು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕದಲ್ಲಿ ಹೈನು ಅಭಿವೃದ್ಧಿಯ ಯೋಜನೆ ಆರಂಭವಾದ ಮೇಲೆ ನಮ್ಮ ಹಳ್ಳಿಗಳಲ್ಲಿ ಹಾಲಿನ ಸಂಘಗಳು ತಲೆಯೆತ್ತಿದವು. ವರ್ಷವಿಡೀ ಹರಿಯುವ ನದಿಯಿಲ್ಲದ, ಮಳೆಯನ್ನೂ ಕೆರೆಯನ್ನೂ ನೆಚ್ಚಿದ ಈ ಸೀಮೆಯಲ್ಲಿ ಎರಡು ಸೀಮೆಹಸುಗಳು ಒಂದು ಸಂಸಾರವನ್ನು ದಡ ಸೇರಿಸಬಲ್ಲವು. ಬೆಳಿಗ್ಗೆ ಸಂಜೆ ಹೆಂಗಸರು ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಹಾಲಿಗೆ ನೀರು ಬಿದ್ದರೆ ಲ್ಯಾಕ್ಟೋಮೀಟರು ತಗ್ಗುತ್ತದೆ. ತಗ್ಗದಿರಲೆಂದು ಸಕ್ಕರೆ ಬೆರೆಸುವ ಜಾಣರೂ ಉಂಟು. ಅಳೆಯುವವನ ಕಡೆಯಲ್ಲೂ ಮೋಸಕ್ಕೆ ಎಡೆಯಿದೆ. ಪರೀಕ್ಷೆಗೆಂದು ತೆಗೆದ ಹಾಲು ಒಂದಿಷ್ಟು ಹೆಚ್ಚಾಗಬಹುದು, ಬರೆಯುವ ಅಂಕಿ ಒಂದಿಷ್ಟು ಕಡಿಮೆಯಾಗಬಹುದು. ಒಂದೊಂದು ಮನೆಗೆ ಅದು ಗುಟುಕು ಹಾಲಿನ ನಷ್ಟ. ನೂರು ಮನೆಗಳಿಂದ ಸೇರಿದರೆ ಒಬ್ಬನಿಗೆ ದಿನಸಂಬಳ. ದೊಡ್ಡ ಪಾಪಗಳಿಗೆ ನಮ್ಮಂಥವರಿಗೆ ಅವಕಾಶವೂ ಇಲ್ಲ, ಧೈರ್ಯವೂ ಇಲ್ಲ. ನಮ್ಮ ಧರ್ಮ ಗೆಲ್ಲುವುದೂ ಸೋಲುವುದೂ ಈ ಗುಟುಕು ಹಾಲಿನಲ್ಲಿ. ಸ್ವಲ್ಪದರಲ್ಲಿ ನಂಬಿಗಸ್ತನಾದವನೇ ಬಹಳದರಲ್ಲಿಯೂ ನಂಬಿಗಸ್ತನಾಗಿರುವನೆಂಬುದು ಯೇಸುವಿನ ಉಪದೇಶದ ಒಂದು ಮುಖ್ಯ ಮಾತು. ಹಾಲಿನ ಸಾಲಿನಲ್ಲಿ ನಿಂತು ಕೇಳಿದರೆ ಅದು ತಟ್ಟನೆ ಅರ್ಥವಾಗುತ್ತದೆ.

ರೇಷ್ಮೆಯ ಮಾತು ಬಂದಾಗ ನನಗೆ ನೆನಪಾಗುವುದು ಕೂಲಿ. ರೇಷ್ಮೆಗೂಡಿನ ವ್ಯಾಪಾರ ನಿಗದಿಯಾದ ಮಾರುಕಟ್ಟೆಯಲ್ಲಿ ನಾಲ್ವರ ಎದುರಿಗೆ ನಡೆಯಬೇಕೆಂದು 1959ರ ಕಾಯಿದೆ ಕಟ್ಟುಮಾಡಿತು. ಬೆಳೆಗಾರನ ತೂಕಕ್ಕೆ ಅದರಿಂದ ಒಂದು ರಕ್ಷಣೆ ದೊರೆಯಿತು. ಆದರೆ ಗೂಡನ್ನು ಕುದಿನೀರಿನಲ್ಲಿಟ್ಟು ನೂಲು ಬಿಚ್ಚುವವರ ಬೆರಳುಗಳು ಬಿಳಿಚಿ ಸುಕ್ಕುಗಟ್ಟುವುದನ್ನು ನೀವು ನೋಡಿರಬಹುದು. ಅವರಿಗೆ ವಾರದ ಕೂಲಿಯನ್ನು, ಮಾಲು ಹೋದ ಮೇಲೆ ಕೊಡೋಣವೆಂದು ಮುಂದೂಡುವುದು ವ್ಯಾಪಾರಸ್ಥರಿಗೆ ಸಹಜವಾಗಿ ಕಾಣುತ್ತದೆ. ತಡೆಹಿಡಿದ ಕೂಲಿ ತಾನೇ ದನಿಯೆತ್ತಿ ದೇವರಿಗೆ ಮೊರೆಯಿಡುತ್ತದೆಂದು ಯಾಕೋಬನ ಪತ್ರಿಕೆ ಎಚ್ಚರಿಸುತ್ತದೆ. ನೂಲಿನ ಕಸುಬಿನ ಒಬ್ಬ ಹಿರಿಯ ಕ್ರೈಸ್ತರನ್ನು ನಾನು ಬಲ್ಲೆ. ಅವರು ಶನಿವಾರ ಸಂಜೆ ಎಲ್ಲರ ಕೂಲಿಯನ್ನೂ ಚುಕ್ತಾ ಮಾಡಿದ ಮೇಲೆಯೇ ಭಾನುವಾರದ ಕಾಣಿಕೆಯ ಹಣವನ್ನು ತೆಗೆದಿಡುತ್ತಿದ್ದರು. ಕೈ ಬಿಗಿಯಾದ ವಾರಗಳಲ್ಲಿ ಕಾಣಿಕೆ ಸೊನ್ನೆಯಾಗುತ್ತಿದ್ದುದೂ ಉಂಟು. ಸಭೆಯಲ್ಲಿ ಯಾರೋ ಈ ವಿಷಯವೆತ್ತಿದಾಗ ಅವರು, “ಇನ್ನೊಬ್ಬರ ದುಡ್ಡನ್ನು ದೇವರಿಗೆ ಹಾಕೋದು ಹೇಗಪ್ಪಾ?” ಎಂದಷ್ಟೇ ಹೇಳಿದರು.

ಇಲ್ಲಿಯವರೆಗೆ ಹೇಳಿದುದು ಕೊಡಬೇಕಾದುದನ್ನು ಕೊಡುವ ಮಾತು. ಕ್ರೈಸ್ತಧರ್ಮ ಅಲ್ಲಿಗೆ ನಿಲ್ಲುವುದಿಲ್ಲ. ಕೊಡಬೇಕಾಗಿಲ್ಲದವನಿಗೂ ಕೊಡು ಎನ್ನುತ್ತದೆ. ಸೇವೆಯೆಂದು ನಾವು ಕರೆಯುವುದು ಇದನ್ನೇ. ಇಲ್ಲಿ ಪ್ರಾಮಾಣಿಕತೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾಗುತ್ತದೆ.

1876ರಿಂದ 1878ರವರೆಗಿನ ಮಹಾಕ್ಷಾಮ ಮೈಸೂರು ಸೀಮೆಯನ್ನು ಹೇಗೆ ಬಡಿಯಿತೆಂಬುದನ್ನು ಜನಗಣತಿಯ ಅಂಕಿಗಳೇ ಹೇಳುತ್ತವೆ. 1871ರಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ ದಿನಗಳಲ್ಲಿ ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಕೋಲಾರದಲ್ಲಿ ಕ್ಷಾಮದ ಅನಾಥ ಮಕ್ಕಳಿಗಾಗಿ ಒಂದು ಆಶ್ರಯವನ್ನು ನಡೆಸಿದರು. 1890ರಲ್ಲಿ ಅದನ್ನು ಅಮೆರಿಕದ ಮೆಥೊಡಿಸ್ಟ್ ಮಿಷನ್ನಿನವರಿಗೆ ಒಪ್ಪಿಸಿದರು. ಕೋಲಾರದ ಮಿಷನ್ನಿನ ಶಾಲೆಗಳೂ, 1910ರಲ್ಲಿ ಸ್ಥಾಪಿತವಾದ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆಯೂ ಆ ಮಿಷನ್ನಿನ ಕೆಲಸದಿಂದಲೇ ಬೆಳೆದುವು. ಇ.ಟಿ.ಸಿ.ಎಂ. ಎಂದರೆ ನಮ್ಮ ಸೀಮೆಯಲ್ಲಿ ತಿಳಿಯದವರಿಲ್ಲ.

ಹಸಿದ ಮಕ್ಕಳಿಗೆ ಅನ್ನವಿಕ್ಕಿದವರು ಆ ಮಕ್ಕಳನ್ನು ತಮ್ಮ ಮತದಲ್ಲಿ ಬೆಳೆಸಿದರಲ್ಲವೆ, ಅನ್ನ ಅದಕ್ಕೆ ಬೆಲೆಯಾಯಿತಲ್ಲವೆ ಎಂದು ಕೇಳುವವರಿದ್ದಾರೆ. ಇದು ಸಿಟ್ಟಾಗಬೇಕಾದ ಪ್ರಶ್ನೆಯಲ್ಲ. ಕ್ರೈಸ್ತರಾದ ನಾವೇ ಇದನ್ನು ಮೊದಲು ಕೇಳಿಕೊಳ್ಳಬೇಕು. ಸಾವಿನ ಬಾಯಿಂದ ಮಗುವನ್ನು ಎತ್ತಿಕೊಂಡ ಕೈಗೆ ನಾನು ಮುಗಿಯುತ್ತೇನೆ. ಆದರೆ ಇಂದಿನ ನಮ್ಮ ಸೇವೆಗೆ ಅಳತೆಗೋಲು ಒಂದೇ. ಇದರಿಂದ ನಮ್ಮ ಸಭೆಗೆ ಒಂದು ತಲೆಯೂ ಹೆಚ್ಚುವುದಿಲ್ಲವೆಂದು ಮುಂಚೆಯೇ ಗೊತ್ತಾಗಿದ್ದರೂ ನಾವು ಇದನ್ನು ಮಾಡುತ್ತಿದ್ದೆವೆ? ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಎತ್ತಿ, ಛತ್ರಕ್ಕೆ ಸಾಗಿಸಿ, ಖರ್ಚು ಕೊಟ್ಟುಹೋದ ಸಮಾರ್ಯದವನು ಆ ಗಾಯಾಳುವಿಗೆ ಒಂದು ಉಪದೇಶವನ್ನೂ ಮಾಡಿದಂತೆ ಕಥೆಯಲ್ಲಿಲ್ಲ. ತನ್ನ ಹೆಸರನ್ನು ಹೇಳಿದಂತೆಯೂ ಇಲ್ಲ. ರಾತ್ರಿ ಎರಡು ಗಂಟೆಗೆ ಹೆರಿಗೆಯ ಕೊಠಡಿಯಲ್ಲಿ ನಿಂತ ನರ್ಸಮ್ಮನಿಗೆ ಕೂಗುವ ತಾಯಿಯ ಮತ ಕಾಣಿಸುವುದಿಲ್ಲ. ಅವಳ ಧರ್ಮವನ್ನು ನಾನು ಪೂರ್ಣವಾಗಿ ನಂಬುತ್ತೇನೆ.

ಸಾಹಿತ್ಯಪ್ರಿಯರಾದ ನಿಮಗೆ ಇನ್ನೊಂದು ಬಗೆಯ ನಂಬಿಗಸ್ತಿಕೆಯನ್ನೂ ನೆನಪಿಗೆ ತರಬೇಕು; ಅದು ನುಡಿಗೆ ತೋರಿದ ನಿಷ್ಠೆ. 1853ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ ಕನ್ನಡನಾಡಿಗೆ ಬಂದ ಫರ್ಡಿನೆಂಡ್ ಕಿಟ್ಟೆಲ್ ಮತಪ್ರಚಾರಕ್ಕೆಂದೇ ಬಂದವರು. ಆದರೆ ನಾಡು ಅವರನ್ನು ನೆನೆಯುವುದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟಿಗಾಗಿ. ಸುಮಾರು 70,000 ಪದಗಳು. ಪದಗಳ ಆಧಾರವನ್ನು ಸಂಕೇತಾಕ್ಷರಗಳಿಂದ ಸೂಚಿಸಿದ ಆ ಪುಟಗಳನ್ನು ತಿರುವುವಾಗ, ಇಲ್ಲಿ ಒಬ್ಬ ಮನುಷ್ಯ ಪರರ ಭಾಷೆಯ ಒಂದು ಕಾಳನ್ನೂ ಕೆಳಗೆ ಚೆಲ್ಲಬಾರದೆಂದು ಎಣಿಸಿಟ್ಟಿದ್ದಾನೆ ಎನ್ನಿಸುತ್ತದೆ. ನಮ್ಮವರೇ ಆದ ಉತ್ತಂಗಿ ಚನ್ನಪ್ಪನವರು ಸಭಾಪಾಲಕರಾಗಿದ್ದು, ಜನರ ಬಾಯಿಂದಲೂ ಹಳೆಯ ಬರಹಗಳಿಂದಲೂ ಸರ್ವಜ್ಞನ ವಚನಗಳನ್ನು ಕೂಡಿಹಾಕಿ 1924ರಲ್ಲಿ ಪ್ರಕಟಿಸಿದರು. ಶರಣರ ಅನುಭವಮಂಟಪವನ್ನು ಕುರಿತೂ ಶ್ರದ್ಧೆಯಿಂದ ಸಂಶೋಧಿಸಿದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿದರು. ಇದಕ್ಕಾಗಿ ಅವರು ತಮ್ಮ ಯೇಸುವನ್ನು ಬಿಡಬೇಕಾಗಲಿಲ್ಲ, ಮರೆಮಾಡಲೂ ಇಲ್ಲ. ಇನ್ನೊಬ್ಬರ ಸಂಪತ್ತನ್ನು ಹಾಳಾಗದಂತೆ ಕಾಯುವುದೂ ನಂಬಿಗಸ್ತ ಆಳಿನ ಲಕ್ಷಣವೇ ಅಲ್ಲವೆ?

ಹೊರಗಿನ ಮಾತು ಇಷ್ಟಾಯಿತು. ಕಷ್ಟವಾದ ಮಾತು ಇರುವುದು ನಮ್ಮ ಮನೆಗಳ ಒಳಗೆ. ದೇವರ ಮುಂದೆ ಮೇಲುಕೀಳಿಲ್ಲವೆಂದು ಹಾಡುವ ನಾವು, ಮಗಳಿಗೆ ಗಂಡು ನೋಡುವಾಗ, “ಮೊದಲು ಅವರು ಯಾವ ಜನ?” ಎಂದು ಮೆಲ್ಲನೆ ವಿಚಾರಿಸುತ್ತೇವೆ. ಒಂದೇ ಪಾತ್ರೆಯಿಂದ ಪ್ರಭುಭೋಜನವನ್ನು ಸ್ವೀಕರಿಸಿ ಬಂದು, ಮನೆಗೆಲಸದವಳಿಗೆ ಬೇರೆ ಲೋಟ ಇಡುವ ಕ್ರೈಸ್ತರು ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೆ? ತಂದೆತಾತಂದಿರಲ್ಲಿ ಬಹುಮಂದಿ ಚರ್ಚಿನ ಬಾಗಿಲಿಗೆ ಬಂದದ್ದೇ ಆ ಬೇರೆ ಲೋಟದಿಂದ ತಪ್ಪಿಸಿಕೊಳ್ಳುವುದಕ್ಕೆ. ಮೊಮ್ಮಕ್ಕಳು ಅದೇ ಲೋಟವನ್ನು ತೊಳೆದು ತಮ್ಮ ಅಡಿಗೆಮನೆಯಲ್ಲಿ ಇಟ್ಟುಕೊಂಡರೆ, ಅದು ಆ ಹಿರಿಯರಿಗೂ ಅವರು ನಂಬಿದ ದೇವರಿಗೂ ಬಗೆದ ದ್ರೋಹ. ಇದನ್ನು ಸರ್ಕಾರದ ಕಾಯಿದೆ ಹಿಡಿಯಲಾರದು, ಸಭೆಯ ಕಮಿಟಿಯೂ ಹಿಡಿಯಲಾರದು. ಲ್ಯಾಕ್ಟೋಮೀಟರು ಇಲ್ಲದ ಕಡೆಯಲ್ಲಿ ನಾವೇ ನಮ್ಮ ಹಾಲನ್ನು ನೋಡಿಕೊಳ್ಳಬೇಕು.

ಇಷ್ಟೆಲ್ಲ ಹೇಳಿದ ಮೇಲೆ ನೀವು ಕೇಳಬಹುದು: ನೇರವಾಗಿ ಬಾಳುವುದಕ್ಕೆ ಕ್ರೈಸ್ತನೇ ಆಗಬೇಕೆ? ಖಂಡಿತವಾಗಿಯೂ ಇಲ್ಲ. ನಮ್ಮ ಕಡೆ ತಮಿಳುನಾಡಿನ ಅಡವಿಯಿಂದ ಆನೆಗಳು ದಾಟಿ ಬರುತ್ತವೆ. ರಾಗಿ ತೆನೆ ಬಿಟ್ಟಾಗ, ಕೊಯ್ದು ಮೆದೆ ಒಟ್ಟಿದಾಗ ಸರದಿಯ ಮೇಲೆ ರಾತ್ರಿ ಕಾವಲು ಕೂರಬೇಕು. ಒಂದು ವರ್ಷ ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಸರದಿ ನನ್ನ ಬಂಧುವೊಬ್ಬನ ಪಾಲಿಗೆ ಬಂದಿತ್ತು. ಪಕ್ಕದ ಹೊಲದವರು ತಾವಾಗಿಯೇ ಬಂದು, “ಅಣ್ಣಾ, ನೀನು ಮಕ್ಕಳ ಜೊತೆ ಚರ್ಚಿಗೆ ಹೋಗಿ ಬಾ. ಇವತ್ತು ನಿನ್ನ ಮೆದೆ ನಮ್ಮದು” ಎಂದರು. ದೀಪಾವಳಿಯ ರಾತ್ರಿ ಅವರ ಹೊಲವನ್ನು ಇವನು ಕಾದಿದ್ದ; ಆದರೆ ಆ ಲೆಕ್ಕವನ್ನು ಇಬ್ಬರೂ ಎತ್ತಲಿಲ್ಲ. ಆ ಚಳಿಯಲ್ಲಿ ತಮಟೆ ಹಿಡಿದು ಬೆಂಕಿಯ ಮುಂದೆ ಕುಳಿತವರು ಬೈಬಲನ್ನು ಕೈಯಲ್ಲಿ ಹಿಡಿದವರಲ್ಲ. ಒಳ್ಳೆಯತನ ಯಾವ ಮತದ ಜಹಗೀರೂ ಅಲ್ಲ. ಸಮಾರ್ಯದವನ ಕಥೆಯನ್ನು ಹೇಳಿದ ಯೇಸು, ತನ್ನ ಜನ ದೂರವಿಟ್ಟಿದ್ದ ಪಂಗಡದವನನ್ನೇ ಆದರ್ಶವಾಗಿ ನಿಲ್ಲಿಸಿದ್ದು ಈ ಅರಿವಿನಿಂದಲೇ ಇರಬೇಕು.

ಹಾಗಾದರೆ ಕ್ರೈಸ್ತನಿಗೆ ಅವನ ನಂಬಿಕೆ ಏನನ್ನು ಕೊಡುತ್ತದೆ? ನನ್ನ ಅನುಭವದಲ್ಲಿ ಅದು ಎರಡನ್ನು ಕೊಡುತ್ತದೆ. ಯಾರೂ ನೋಡದ ಕಡೆಯಲ್ಲಿಯೂ ಎಣಿಕೆ ತಪ್ಪದಿರಲು ಒಂದು ಕಾರಣವನ್ನು ಕೊಡುತ್ತದೆ. ಎಣಿಕೆ ತಪ್ಪಿದವನಿಗೆ ಮರುದಿನ ಮತ್ತೆ ಒಂದರಿಂದ ಎಣಿಸಲು ಧೈರ್ಯವನ್ನು ಕೊಡುತ್ತದೆ. ಕ್ಷಮೆಯೆಂದರೆ ನನಗೆ ಇದೇ. ಅದು ಹಳೆಯ ಲೆಕ್ಕವನ್ನು ಮುಚ್ಚಿಡುವ ಬಟ್ಟೆಯಲ್ಲ. ಜಕ್ಕಾಯನಂತೆ ಹಿಂದಿರುಗಿಸಲು ಹೊರಟವನ ಕಾಲಿಗೆ ಬಲ.

ಗಣಿಗಳು ಮುಚ್ಚಿದವು. ಗಣಿಕಾರ್ಮಿಕರ ಮಕ್ಕಳೂ ಮೊಮ್ಮಕ್ಕಳೂ ಈಗ ನಸುಕಿನಲ್ಲೆದ್ದು ಮಾರಿಕುಪ್ಪದಿಂದ, ಬಂಗಾರಪೇಟೆಯಿಂದ ರೈಲು ಹತ್ತಿ ಬೆಂಗಳೂರಿನ ಕೆಲಸಗಳಿಗೆ ಹೋಗುತ್ತಾರೆ. ಕತ್ತಲಾದ ಮೇಲೆ ಹಿಂದಿರುಗುತ್ತಾರೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ, ಆಸ್ಪತ್ರೆಯ ಔಷಧಿಯ ಕಪಾಟಿನ ಮುಂದೆ, ಕಚೇರಿಯ ಕಂಪ್ಯೂಟರಿನ ಮುಂದೆ ಅವರು ದಿನವಿಡೀ ಕೂರುತ್ತಾರೆ. ಅವರ ಕೊರಳಿನಲ್ಲಿ ಶಿಲುಬೆಯ ಸರ ಇದೆಯೆ ಎಂದು ಬೆಂಗಳೂರು ನೋಡುವುದಿಲ್ಲ. ಇವರ ಕೈಯಲ್ಲಿ ಬೀಗದ ಕೈಯನ್ನು ಬಿಟ್ಟುಹೋಗಬಹುದೆ ಎಂದು ನೋಡುತ್ತದೆ. ಬಿಟ್ಟುಹೋಗಬಹುದು ಎಂದು ಅನ್ನಿಸಿಕೊಂಡರೆ, ನಮ್ಮ ಕಾಲಕ್ಕೆ ಅದೇ ತಕ್ಕ ಸಾಕ್ಷಿ.